ಗ್ಲಾಸಿನ ಮೇಲಿನ ಅಲಂಕಾರ: ಹೆದರಬೇಕಾದದ್ದು ಕೆಂಪು ಚೆರ್ರಿಗೋ, ಬಿಳಿ ಹೊಗೆಗೋ?

"ಮಾಕ್‌ಟೇಲ್ ಮೇಲಿಡುವ ಕೆಂಪು ಚೆರ್ರಿಯನ್ನು ಹೆಣ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ನೆನೆಸಿರುತ್ತಾರೆ. ತಿಂದರೆ ಏಳು ವರ್ಷ ಹೊಟ್ಟೆಯಲ್ಲೇ ಇರುತ್ತದೆ. ಎಲ್ಲರಿಗೂ ಕಳಿಸಿ." ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದನ್ನು ನೋಡಿದ ಅಮ್ಮ ಮುಂದಿನ ಆರತಕ್ಷತೆಯಲ್ಲಿ ಮಗುವಿನ ಗ್ಲಾಸಿನಿಂದ ಚೆರ್ರಿಯನ್ನು ತೆಗೆದು ಪಕ್ಕಕ್ಕಿಡುತ್ತಾಳೆ. ಆಮೇಲೆ ಅದೇ ಮಗುವನ್ನು ಪಕ್ಕದ ಕೌಂಟರಿನಲ್ಲಿ ಬುಸುಬುಸು ಹೊಗೆ ಬಿಡುತ್ತಿರುವ ಗ್ಲಾಸಿನ ಮುಂದೆ ನಿಲ್ಲಿಸಿ ವಿಡಿಯೋ ಮಾಡುತ್ತಾಳೆ.

ನಾವು ಈ ಲೇಖನ ಬರೆಯಲು ಕಾರಣ ಇದೇ. ಫಾರ್ವರ್ಡ್‌ಗಳು ನಮ್ಮನ್ನು ಒಂದು ವಸ್ತುವಿಗೆ ಹೆದರಿಸುತ್ತವೆ, ಅಪಾಯ ಮಾತ್ರ ಇನ್ನೊಂದರಲ್ಲಿ ಇರುತ್ತದೆ. ಕಾಕ್‌ಟೇಲ್ ಇರಲಿ, ಮದ್ಯ ಹಾಕದ ಮಾಕ್‌ಟೇಲ್ ಇರಲಿ, ಗ್ಲಾಸಿನ ಮೇಲೆ ಇಡುವ ಚೆರ್ರಿ, ನಿಂಬೆ ಹೋಳು, ಹೂವು, ಕಡ್ಡಿ, ಮಿನುಗು ಪುಡಿ, ಹೊಗೆ ಇವನ್ನೆಲ್ಲ ಒಟ್ಟಾಗಿ ಗಾರ್ನಿಷ್ ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿರಪಾಯಕಾರಿ, ಯಾವುದಕ್ಕೆ ಎಚ್ಚರ ಬೇಕು, ಯಾವುದನ್ನು ಮಕ್ಕಳ ಹತ್ತಿರಕ್ಕೂ ಬಿಡಬಾರದು ಎಂದು ಒಂದೊಂದಾಗಿ ನೋಡೋಣ.

ಗಾರ್ನಿಷ್ ಬರೀ ಅಂದಕ್ಕಾಗಿಯೇ?

ಅಲ್ಲ. ಉಪ್ಪಿಟ್ಟಿನ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು ಕಣ್ಣಿಗಷ್ಟೇ ಅಲ್ಲ, ಮೂಗಿಗೂ ಹೌದಲ್ಲವೇ? ಪಾನೀಯದಲ್ಲೂ ಹಾಗೆಯೇ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದ್ದು. ನೆಗಡಿ ಬಂದಾಗ ಊಟ ಸಪ್ಪೆ ಎನಿಸುವುದು ಅದಕ್ಕೇ. ಗ್ಲಾಸನ್ನು ತುಟಿಗೆ ತಂದಾಗ ಮೂಗು ಅದರ ಅಂಚಿನ ಮೇಲೆಯೇ ಇರುತ್ತದೆ. ಹಾಗಾಗಿ ಅಲ್ಲಿಟ್ಟ ಪುದೀನ ಎಲೆಯೋ ಕಿತ್ತಳೆ ಸಿಪ್ಪೆಯೋ ಪಾನೀಯದೊಳಗೆ ಬೀಳದಿದ್ದರೂ ಅದರ ರುಚಿಯನ್ನು ಬದಲಿಸುತ್ತದೆ.

ಕಿತ್ತಳೆ, ನಿಂಬೆ ಸಿಪ್ಪೆಯ ಹೊರಪದರದಲ್ಲಿ ಸಣ್ಣ ಸಣ್ಣ ಎಣ್ಣೆಯ ಗ್ರಂಥಿಗಳಿವೆ. ಅವುಗಳಲ್ಲಿರುವ ಎಣ್ಣೆಯ ಮುಖ್ಯ ಅಂಶ ಲಿಮೊನಿನ್. ಚಿಕ್ಕಂದಿನಲ್ಲಿ ಕಿತ್ತಳೆ ಸಿಪ್ಪೆಯನ್ನು ಪಕ್ಕದವರ ಕಣ್ಣ ಮುಂದೆ ಹಿಂಡಿ ಉರಿಸಿದ ನೆನಪಿದ್ದರೆ, ಚಿಮ್ಮಿದ್ದು ಇದೇ ಎಣ್ಣೆ. ಇದು ಬೆಂಕಿಗೆ ತಾಗಿದರೆ ಚಟಪಟ ಎಂದು ಹೊತ್ತಿಕೊಳ್ಳುತ್ತದೆ. ಬಾರ್‌ಗಳಲ್ಲಿ ಸಿಪ್ಪೆ ಹಿಂಡಿ ಕಿಡಿ ಹಾರಿಸುವ ಕರಾಮತ್ತು ಇದರಿಂದಲೇ. ಅದರಲ್ಲಿ ಯಾವ ರಾಸಾಯನಿಕವನ್ನೂ ಸೇರಿಸಿರುವುದಿಲ್ಲ.

ಮಾರ್ಗರೀಟಾ ಎಂಬ ಪಾನೀಯದ ಗ್ಲಾಸಿನ ಅಂಚಿಗೆ ಉಪ್ಪು ಹಚ್ಚುವುದಕ್ಕೂ ಕಾರಣವಿದೆ. ಉಪ್ಪಿನ ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ. ಕಹಿ ತಗ್ಗಿದಾಗ ಸಿಹಿ, ಹುಳಿ ಎದ್ದು ಕಾಣುತ್ತವೆ. ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಸವರಿ ತಿನ್ನುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಕ್ತದೊತ್ತಡ ಇರುವವರು ಮಾತ್ರ ಆ ಉಪ್ಪನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇಲ್ಲೇ ಒಂದು ತಪ್ಪು ನಂಬಿಕೆಯನ್ನೂ ತಿದ್ದಿಬಿಡೋಣ. ಹಣ್ಣಿನ ಹೋಳು, ಪುದೀನ, ಶುಂಠಿ ಸೇರಿಸಿದ ಮಾತ್ರಕ್ಕೆ ಕಾಕ್‌ಟೇಲ್ ಆರೋಗ್ಯಕರವಾಗುವುದಿಲ್ಲ. ಒಂದು ಹೋಳು ಹಣ್ಣಿನಿಂದ ಸಿಗುವ ವಿಟಮಿನ್ ಅತ್ಯಲ್ಪ, ಒಳಗಿರುವ ಮದ್ಯ ಇದ್ದಷ್ಟೇ ಇರುತ್ತದೆ. ಆರೋಗ್ಯದ ದೃಷ್ಟಿಯಿಂದ ಇಷ್ಟು ಮದ್ಯ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕೆಂಪು ಚೆರ್ರಿಯ ನಿಜವಾದ ಕಥೆ

ಈಗ ಫಾರ್ಮಲಿನ್ ಫಾರ್ವರ್ಡಿಗೆ ಬರೋಣ. ಗ್ಲಾಸಿನ ಮೇಲಿಡುವ ಚೆರ್ರಿಗೆ ಮರಾಸ್ಕಿನೊ ಚೆರ್ರಿ ಎಂಬ ಹೆಸರಿದೆ. ಈಗಿನ ಕ್ರೊಯೇಷಿಯಾ ದೇಶದ ಕಡಲತೀರದಲ್ಲಿ ಬೆಳೆಯುವ ಮರಾಸ್ಕಾ ಎಂಬ ಹುಳಿ ಚೆರ್ರಿಯಿಂದ ಈ ಹೆಸರು ಬಂತು. ಅಲ್ಲಿಯವರು ಆ ಹಣ್ಣನ್ನು ಅದರದ್ದೇ ಮದ್ಯದಲ್ಲಿ ನೆನೆಸಿಡುತ್ತಿದ್ದರು. ಅದು ಯುರೋಪಿನ, ಆಮೇಲೆ ಅಮೆರಿಕದ ಸಿರಿವಂತರ ತಿನಿಸಾಯಿತು. ಅಮೆರಿಕದವರು ತಮ್ಮಲ್ಲಿ ಬೆಳೆಯುವ ಚೆರ್ರಿಯಿಂದ ಅದನ್ನು ತಯಾರಿಸಲು ಹೊರಟಾಗ ಹಣ್ಣು ಮೆತ್ತಗಾಗಿ ಕೆಡುತ್ತಿತ್ತು. 1920ರ ದಶಕದ ಕೊನೆಯಲ್ಲಿ ಒರೆಗಾನ್ ರಾಜ್ಯದ ಕೃಷಿ ಕಾಲೇಜಿನ ಅರ್ನೆಸ್ಟ್ ವೀಗ್ಯಾಂಡ್ ಎಂಬ ಪ್ರಾಧ್ಯಾಪಕರು ಇದಕ್ಕೊಂದು ದಾರಿ ಕಂಡುಹಿಡಿದರು. ಹಣ್ಣನ್ನು ನೆನೆಸುವ ದ್ರಾವಣಕ್ಕೆ ಕ್ಯಾಲ್ಸಿಯಂ ಲವಣ ಸೇರಿಸಿದರೆ ಹಣ್ಣು ಗಟ್ಟಿಯಾಗಿ ಉಳಿಯುತ್ತದೆ ಎಂಬುದು ಅವರ ಶೋಧನೆ.

ಇಂದಿಗೂ ಕ್ರಮ ಹೆಚ್ಚುಕಡಿಮೆ ಅದೇ. ಚೆರ್ರಿಯನ್ನು ಸಲ್ಫರ್ ಡೈಆಕ್ಸೈಡ್ ಮತ್ತು ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ವಾರಗಟ್ಟಲೆ ಇಡುತ್ತಾರೆ. ಅದರ ಸಹಜ ಬಣ್ಣವೆಲ್ಲ ಹೋಗಿ ಹಣ್ಣು ಬಿಳಿಚಿಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಬಣ್ಣ ಹಾಕಿ, ದಿನದಿನಕ್ಕೆ ಗಟ್ಟಿಯಾಗುವ ಸಕ್ಕರೆ ಪಾಕದಲ್ಲಿ ಊರಿಸುತ್ತಾರೆ. ಈ ಕ್ರಮದಲ್ಲಿ ಫಾರ್ಮಲಿನ್‌ಗೆ ಕೆಲಸವೇ ಇಲ್ಲ. ಹಣ್ಣು ಕೆಡದಿರುವುದು ಸಕ್ಕರೆಯಿಂದ. ಗಟ್ಟಿ ಪಾಕ ಸೂಕ್ಷ್ಮಜೀವಿಗಳ ಒಳಗಿನ ನೀರನ್ನೇ ಹೀರಿಬಿಡುವುದರಿಂದ ಅವು ಬೆಳೆಯಲಾರವು. ನೆಲ್ಲಿಕಾಯಿ ಮುರಬ್ಬ ವರ್ಷಗಟ್ಟಲೆ ಭರಣಿಯಲ್ಲಿ ಉಳಿಯುವ ಗುಟ್ಟೂ ಇದೇ ಅಲ್ಲವೇ? ಫಾರ್ಮಲಿನ್ ಅನ್ನು ಆಹಾರ ಕೆಡದಂತೆ ಇಡಲು ಬಳಸುವುದಕ್ಕೆ ನಮ್ಮ ದೇಶದಲ್ಲಿ ಅನುಮತಿಯೂ ಇಲ್ಲ. ಇನ್ನು ಏಳು ವರ್ಷ ಹೊಟ್ಟೆಯಲ್ಲಿ ಉಳಿಯುವ ಮಾತಂತೂ ಶುದ್ಧ ಕಟ್ಟುಕಥೆ. ಬೇರೆ ಹಣ್ಣಿನಂತೆ ಅದೂ ಒಂದೆರಡು ದಿನದಲ್ಲಿ ಹೊರಗೆ ಹೋಗುತ್ತದೆ.

ಹಾಗಾದರೆ ನಮ್ಮೂರ ಬೇಕರಿಯ ಚೆರ್ರಿ? ಅದರ ಬಗ್ಗೆ ಇನ್ನೊಂದು ಫಾರ್ವರ್ಡ್ ಇದೆ: "ಅದು ಚೆರ್ರಿಯೇ ಅಲ್ಲ." ಈ ಮಾತು ಬಹಳ ಸಲ ನಿಜ. ಭಾರತದಲ್ಲಿ ಚೆರ್ರಿ ಬೆಳೆಯುವುದು ಕಾಶ್ಮೀರ, ಹಿಮಾಚಲದಂಥ ತಂಪು ಜಾಗಗಳಲ್ಲಿ. ಹಾಗಾಗಿ ಅಗ್ಗದ ಬದಲಿಯಾಗಿ ಕರಂಡೆ ಕಾಯಿಯ ಬೀಜ ತೆಗೆದು, ಕೆಂಪು ಬಣ್ಣ ಹಾಕಿ, ಪಾಕದಲ್ಲಿ ಊರಿಸಿ ಮಾರುತ್ತಾರೆ. ಮಲೆನಾಡಿನ ಬೇಲಿ, ಗುಡ್ಡಗಳಲ್ಲಿ ಮುಳ್ಳಿನ ನಡುವೆ ಸಿಗುವ ಕರಂಡೆ, ಕೆಲವು ಕಡೆ ಕವಳಿ ಎಂದು ಕರೆಯುವ ಅದೇ ಕಾಯಿ. ನಾವು ಉಪ್ಪಿನಕಾಯಿ ಹಾಕುವ ಕಾಯಿಯೇ ಪೇಟೆಗೆ ಹೋಗಿ ಚೆರ್ರಿಯ ವೇಷ ಹಾಕಿದೆ. ಟೂಟಿ ಫ್ರೂಟಿ ಎಂಬ ಬಣ್ಣದ ಚೂರುಗಳು ಪಪ್ಪಾಯಿ ಕಾಯಿಯಿಂದ ಬರುವ ಹಾಗೆ. ಹೆಸರಿನಲ್ಲಿ ಮೋಸ ಇರಬಹುದು, ಆದರೆ ಕರಂಡೆ ವಿಷವಲ್ಲ.

ಬಣ್ಣದ ವಿಷಯ ಮಾತ್ರ ಸ್ವಲ್ಪ ಗಮನ ಕೊಟ್ಟು ನೋಡಬೇಕು. ಚೆರ್ರಿಗೆ ಸಾಮಾನ್ಯವಾಗಿ ಹಾಕುವ ಕೆಂಪು ಬಣ್ಣಗಳಲ್ಲಿ ಎರಿಥ್ರೋಸಿನ್ ಒಂದು. ಭಾರತದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳ ಪಟ್ಟಿಯಲ್ಲಿ ಅದಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2025ರ ಜನವರಿಯಲ್ಲಿ ಇದರ ಅನುಮತಿಯನ್ನು ಹಿಂತೆಗೆದುಕೊಂಡಿತು, ಕಂಪನಿಗಳಿಗೆ 2027ರ ಜನವರಿವರೆಗೆ ಸಮಯ ಕೊಟ್ಟಿತು. ಕಾರಣ, ಭಾರೀ ಪ್ರಮಾಣದಲ್ಲಿ ತಿನ್ನಿಸಿದ ಗಂಡು ಇಲಿಗಳಲ್ಲಿ ಥೈರಾಯ್ಡ್ ಗಡ್ಡೆಗಳು ಕಂಡಿದ್ದವು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಬಣ್ಣಕ್ಕೆ ಅನುಮತಿ ಕೊಡಬಾರದು ಎಂಬ ಕಾನೂನು ಅಲ್ಲಿದೆ. ಇಲಿಗಳಲ್ಲಿ ಹಾಗಾಗುವ ಪ್ರಕ್ರಿಯೆ ಮನುಷ್ಯರಲ್ಲಿ ನಡೆಯುವುದಿಲ್ಲ ಎಂದೂ ಅದೇ ಸಂಸ್ಥೆ ಹೇಳಿದೆ.

ನಿಜವಾದ ಚಿಂತೆ ಪಟ್ಟಿಯಲ್ಲೇ ಇಲ್ಲದ ಬಣ್ಣಗಳದ್ದು. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಸಿಕ್ಕಿದ್ದರಿಂದಲೇ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. "ಚೆರ್ರಿಯನ್ನು ನೀರಿಗೆ ಹಾಕಿ, ನೀರು ಕೆಂಪಾದರೆ ವಿಷ" ಎಂಬ ಪರೀಕ್ಷೆಯಿಂದ ಮಾತ್ರ ಇದು ಗೊತ್ತಾಗುವುದಿಲ್ಲ. ಅನುಮತಿ ಇರುವ ಬಣ್ಣವೂ ನೀರಿನಲ್ಲಿ ಬಿಡುತ್ತದೆ, ಇಲ್ಲದ್ದೂ ಬಿಡುತ್ತದೆ. ವ್ಯತ್ಯಾಸ ತಿಳಿಯುವುದು ಪ್ರಯೋಗಾಲಯದಲ್ಲಿ ಮಾತ್ರ. ನಾವು ಮಾಡಬಹುದಾದದ್ದು ಇಷ್ಟೇ: ಸಡಿಲವಾಗಿ ಮಾರುವುದನ್ನು ಬಿಟ್ಟು, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಮತ್ತು ಬಣ್ಣದ ಹೆಸರು ಇರುವ ಡಬ್ಬಿಯನ್ನೇ ಕೊಳ್ಳುವುದು. ವರ್ಷಕ್ಕೆ ನಾಲ್ಕು ಮದುವೆಯಲ್ಲಿ ನಾಲ್ಕು ಚೆರ್ರಿ ತಿನ್ನುವವರು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಚೆರ್ರಿಯಲ್ಲ, ಅದಕ್ಕೆ ಚುಚ್ಚಿದ ಕಡ್ಡಿ

ವಿಚಿತ್ರವೆಂದರೆ, ಚೆರ್ರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದಕ್ಕೆ ಚುಚ್ಚಿದ ಕಡ್ಡಿಗೆ. ಅಮೆರಿಕದ ಹೆಸರಾಂತ ಕಥೆಗಾರ ಶೆರ್‌ವುಡ್ ಆಂಡರ್ಸನ್ 1941ರಲ್ಲಿ ದಕ್ಷಿಣ ಅಮೆರಿಕಕ್ಕೆ ಹಡಗಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಹೊಟ್ಟೆನೋವು ಶುರುವಾಯಿತು. ಪನಾಮಾದ ಕೊಲೊನ್ ನಗರದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದು ಟೂತ್‌ಪಿಕ್. ಅದು ಕರುಳನ್ನು ಚುಚ್ಚಿ ಹೊಟ್ಟೆಯೊಳಗೆಲ್ಲ ಸೋಂಕು ಹರಡಿತ್ತು. ಮಾರ್ಟಿನಿ ಗ್ಲಾಸಿನ ಆಲಿವ್ ಕಾಯಿಗೆ ಚುಚ್ಚಿದ್ದ ಕಡ್ಡಿಯನ್ನೇ ಅವರು ತಿಳಿಯದೆ ನುಂಗಿರಬೇಕು ಎಂಬುದು ಅಂದಿನಿಂದ ಪ್ರಚಲಿತವಿರುವ ಊಹೆ.

ಇದು ಹಳೆಯ ಕಾಲದ ಅಪರೂಪದ ಕಥೆ ಎನಿಸಬಹುದು. ಆದರೆ ನುಂಗಿದ ಟೂತ್‌ಪಿಕ್ ಕರುಳಿಗೆ ಚುಚ್ಚಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತವೆ. ಎಷ್ಟೋ ರೋಗಿಗಳಿಗೆ ಕಡ್ಡಿ ನುಂಗಿದ ನೆನಪೇ ಇರುವುದಿಲ್ಲ. ಮರದ ಕಡ್ಡಿ ಎಕ್ಸ್‌-ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಮದ್ಯ ಕುಡಿದವರು, ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರು, ಗಡಿಬಿಡಿಯಲ್ಲಿ ತಿನ್ನುವ ಮಕ್ಕಳು ಇವರಿಗೆ ಬಾಯಲ್ಲಿ ಕಡ್ಡಿ ಇದೆ ಎಂಬುದೇ ಗೊತ್ತಾಗದಿರಬಹುದು.

ಪರಿಹಾರ ಬಲು ಸುಲಭ. ಕುಡಿಯುವ ಮೊದಲು ಕಡ್ಡಿ, ಕಾಗದದ ಕೊಡೆ ಎಲ್ಲವನ್ನೂ ಗ್ಲಾಸಿನಿಂದ ತೆಗೆದು ತಟ್ಟೆಯಲ್ಲಿಡಿ. ಮನೆಯಲ್ಲಿ ಪಾರ್ಟಿ ಮಾಡುವವರು ಚಿಕ್ಕ ಟೂತ್‌ಪಿಕ್ ಬದಲು ಗ್ಲಾಸಿನಿಂದ ಹೊರಗೆ ಚಾಚಿಕೊಂಡಿರುವ ಉದ್ದದ ಕಡ್ಡಿ ಬಳಸಿ. ಕಡ್ಡಿ ನುಂಗಿದ ಅನುಮಾನ ಬಂದರೆ ಬಾಳೆಹಣ್ಣು ತಿಂದು ಕಾಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಏನು ನುಂಗಿದ್ದೆಂದು ವೈದ್ಯರಿಗೆ ಬಿಡಿಸಿ ಹೇಳಿ.

ನಿಂಬೆ ಹೋಳಿನಲ್ಲಿ ಕ್ರಿಮಿಗಳಿವೆಯೇ?

"ಹೋಟೆಲಿನ ನಿಂಬೆ ಹೋಳಿನಲ್ಲಿ ಮಲದ ಬ್ಯಾಕ್ಟೀರಿಯಾ!" ಎಂಬ ಫಾರ್ವರ್ಡಿನ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಅಮೆರಿಕದ ಸಂಶೋಧಕರು 21 ರೆಸ್ಟೋರೆಂಟ್‌ಗಳಲ್ಲಿ ಪಾನೀಯದ ಜೊತೆ ಕೊಟ್ಟ 76 ನಿಂಬೆ ಹೋಳುಗಳನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 53 ಹೋಳುಗಳಲ್ಲಿ, ಅಂದರೆ ಶೇಕಡಾ 70ರಷ್ಟರಲ್ಲಿ, ಸೂಕ್ಷ್ಮಜೀವಿಗಳು ಬೆಳೆದವು.

ಇದನ್ನು ಓದುವಾಗ ಒಂದು ಮಾತು ಮರೆಯಬಾರದು. ಅಧ್ಯಯನ ಹೇಳಿದ್ದು ಹೋಳಿನ ಮೇಲೆ ಸೂಕ್ಷ್ಮಜೀವಿಗಳಿದ್ದವು ಎಂದಷ್ಟೇ. ಅದನ್ನು ಕುಡಿದವರಿಗೆ ಕಾಯಿಲೆ ಬಂತು ಎಂದು ಅದು ಹೇಳಿಲ್ಲ. ನಮ್ಮ ಕೈ, ಮೊಬೈಲು, ಬಾಗಿಲ ಹಿಡಿ ಎಲ್ಲದರ ಮೇಲೂ ಸೂಕ್ಷ್ಮಜೀವಿಗಳಿವೆ. ಆದರೂ ಅದರಿಂದ ಕಲಿಯುವ ಪಾಠ ಇದೆ. ನಿಂಬೆ ಹುಳಿ, ಮದ್ಯ ಕಟು, ಆದ್ದರಿಂದ ಕ್ರಿಮಿಗಳೆಲ್ಲ ಸತ್ತುಹೋಗುತ್ತವೆ ಎಂಬ ಧೈರ್ಯ ಸರಿಯಲ್ಲ. ಹೋಳಿನ ಸಿಪ್ಪೆ ಹುಳಿ ಇರುವುದಿಲ್ಲ, ಕಾಕ್‌ಟೇಲಿನಲ್ಲಿ ಮದ್ಯ ತೆಳುವಾಗಿರುತ್ತದೆ. ಐಸ್‌ಗೂ ಇದೇ ಮಾತು ಅನ್ವಯಿಸುತ್ತದೆ. ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಅದರೊಳಗಿನ ಕ್ರಿಮಿಗಳೆಲ್ಲ ಸಾಯುವುದಿಲ್ಲ. ಕೆಟ್ಟ ನೀರಿನ ಐಸ್, ಕೆಟ್ಟ ನೀರೇ.

ನಿಂಬೆಯನ್ನು ಕತ್ತರಿಸುವ ಮೊದಲು ಇಡಿಯಾಗಿ ತೊಳೆಯಬೇಕು. ಇಲ್ಲವಾದರೆ ಸಿಪ್ಪೆಯ ಮೇಲಿದ್ದದ್ದನ್ನು ಚಾಕುವೇ ಒಳಗೆ ಒಯ್ಯುತ್ತದೆ. ಮಾಂಸ ಕತ್ತರಿಸಿದ ಮಣೆಯ ಮೇಲೆ ನಿಂಬೆ ಹೆಚ್ಚಬಾರದು. ಹೋಳನ್ನು ಕೈಯಲ್ಲಿ ಎತ್ತದೆ ಚಿಮಟದಿಂದ ಎತ್ತಬೇಕು.

ನಿಂಬೆಯಿಂದ ಇನ್ನೊಂದು ತೊಂದರೆಯೂ ಇದೆ, ಅದು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ನಿಂಬೆಯ ಸಿಪ್ಪೆ, ರಸದಲ್ಲಿ ಸೊರಾಲೆನ್ ಜಾತಿಯ ವಸ್ತುಗಳಿವೆ. ಅವು ಚರ್ಮಕ್ಕೆ ತಾಗಿದ ಮೇಲೆ ಬಿಸಿಲಿಗೆ ಹೋದರೆ, ಸೂರ್ಯನ ಅತಿನೇರಳೆ ಕಿರಣಗಳೊಡನೆ ಸೇರಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನದಲ್ಲಿ ಕೆಂಪಾಗಿ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಯಲಿನಲ್ಲಿ ನಿಂತು ನಿಂಬೆ ಹಿಂಡುವ ಬಾರ್ ಕೆಲಸಗಾರರಲ್ಲಿ ಇದು ಹೆಚ್ಚು ಕಾಣುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಮಾರ್ಗರೀಟಾ ಬರ್ನ್ ಎಂಬ ಅಡ್ಡಹೆಸರೇ ಇದೆ. ಪಾನಕ, ಶರಬತ್ತು ಮಾಡಿ ಹಂಚುವವರೂ ಬಿಸಿಲಿಗೆ ಹೋಗುವ ಮೊದಲು ಕೈಯನ್ನು ಸೋಪಿನಿಂದ ತೊಳೆದುಕೊಳ್ಳುವುದು ಒಳ್ಳೆಯದು.

ಬಣ್ಣ ಬದಲಿಸುವ ಹೂವು ಮತ್ತು ಮುಟ್ಟಬಾರದ ಹೂವು

ನೀಲಿ ಪಾನೀಯಕ್ಕೆ ನಿಂಬೆರಸ ಬಿಟ್ಟೊಡನೆ ನೇರಳೆಯಾಗುವ ವಿಡಿಯೋ ನೀವು ನೋಡಿರಬಹುದು. "ಎಂಥ ಕೆಮಿಕಲ್ ಹಾಕಿದ್ದಾರೆ ನೋಡಿ" ಎಂಬ ಬರಹವೂ ಅದರ ಜೊತೆಗಿರುತ್ತದೆ. ಬಹುಮಟ್ಟಿಗೆ ಅದು ನಮ್ಮ ಹಿತ್ತಲಿನ ಶಂಖಪುಷ್ಪ. ಅದರಲ್ಲಿರುವ ಆಂಥೋಸಯನಿನ್ ಎಂಬ ಸಹಜ ಬಣ್ಣ ಹುಳಿ ತಾಗಿದರೆ ನೇರಳೆ, ಗುಲಾಬಿಯತ್ತ ತಿರುಗುತ್ತದೆ. ಅಡುಗೆ ಸೋಡಾ ಹಾಕಿದರೆ ಹಸಿರಿನತ್ತ ತಿರುಗುತ್ತದೆ. ನಾಲ್ಕಾರು ಹೂವನ್ನು ಬಿಸಿನೀರಿಗೆ ಹಾಕಿ ಮಕ್ಕಳಿಗೆ ತೋರಿಸಿ. ಶಾಲೆಯಲ್ಲಿ ಲಿಟ್ಮಸ್ ಕಾಗದದಿಂದ ಮಾಡಿಸಿದ ಪಾಠ ಇದೇ.

ಆದರೆ ಎಲ್ಲ ಹೂವೂ ಶಂಖಪುಷ್ಪವಲ್ಲ. ಚೆಂದ ಕಂಡಿತೆಂದು ಕಣಗಿಲೆ ಹೂವನ್ನು ಗ್ಲಾಸಿನಲ್ಲಿ ತೇಲಿಬಿಟ್ಟರೆ ಅಪಾಯ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲದರಲ್ಲೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ. ಕೇರಳದಲ್ಲಿ ಕಣಗಿಲೆ ಎಲೆ, ಹೂವು ಅಗಿದ ಯುವತಿಯೊಬ್ಬರು ಸಾವಿಗೀಡಾದ ಸುದ್ದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ ಮತ್ತು ಪ್ರಸಾದದಲ್ಲಿ ಈ ಹೂವಿನ ಬಳಕೆಯನ್ನೇ ನಿಲ್ಲಿಸಿತು. ಹಳದಿ ಕಣಗಿಲೆ, ದತ್ತೂರಿ ಕೂಡ ಇದೇ ಸಾಲಿನವು. ದೇವರ ತಲೆಯ ಮೇಲೆ ಏರುವ ಹೂವೆಲ್ಲ ನಮ್ಮ ಬಾಯಿಗಲ್ಲ. ತಿನ್ನಬಹುದಾದ ಗುಲಾಬಿಯೂ ಮಂಟಪದ ಅಲಂಕಾರಕ್ಕೆ ತಂದದ್ದಾದರೆ ಗ್ಲಾಸಿಗೆ ಬೇಡ. ಅದಕ್ಕೆ ಹೊಡೆದ ಕೀಟನಾಶಕ ತಿನ್ನುವವರನ್ನು ನೆನೆದು ಹೊಡೆದದ್ದಲ್ಲ.

ಮಿನುಗುವ ಪುಡಿ: 'ವಿಷವಲ್ಲ' ಎಂದರೆ 'ತಿನ್ನಬಹುದು' ಎಂದಲ್ಲ

ಪಾನೀಯದಲ್ಲಿ ಚಿನ್ನದ ಸುಳಿಯಂತೆ ಮಿನುಗುವ ಪುಡಿ ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ತಿನ್ನಲೆಂದೇ ತಯಾರಿಸಿದ ಪುಡಿಯಲ್ಲಿ ಸಕ್ಕರೆ, ಪಿಷ್ಟ, ಆಹಾರದರ್ಜೆಯ ಅಭ್ರಕ ಮುಂತಾದವು ಇರುತ್ತವೆ, ಅವುಗಳ ಪಟ್ಟಿ ಡಬ್ಬಿಯ ಮೇಲಿರುತ್ತದೆ. ಕರಕುಶಲ ಕೆಲಸದ ಗ್ಲಿಟರ್ ಹಾಗಲ್ಲ, ಅದು ಪ್ಲಾಸ್ಟಿಕ್ ಅಥವಾ ಲೋಹ. ಅದರ ಡಬ್ಬಿಯ ಮೇಲೆ ನಾನ್-ಟಾಕ್ಸಿಕ್ ಎಂದು ಬರೆದಿರುವುದರಿಂದ ಜನ ಮೋಸ ಹೋಗುತ್ತಾರೆ. ಮುಟ್ಟಿದರೆ ಅಪಾಯವಿಲ್ಲ ಎಂಬುದಕ್ಕೂ ತಿನ್ನಬಹುದು ಎಂಬುದಕ್ಕೂ ಬಹಳ ಅಂತರವಿದೆ.

2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ, ಭೇದಿಯಾಯಿತು. ಕೇಕಿನ ಮೇಲೆ ಬಳಿದ ಹೊಳಪಿನ ಪುಡಿಯಲ್ಲಿ ಸಿಕ್ಕಿದ್ದು ತಾಮ್ರ. ಮರುವರ್ಷ ಮಿಸೌರಿ ರಾಜ್ಯದಲ್ಲಿ ಪುಟ್ಟ ಮಗುವೊಂದರ ರಕ್ತದಲ್ಲಿ ಸೀಸ ಕಂಡುಬಂತು. ಅದಕ್ಕೆ ಕಾರಣವಾದ ಚಿನ್ನದ ಬಣ್ಣದ ಪುಡಿಯಲ್ಲಿ ಕಾಲು ಭಾಗ ಸೀಸವೇ ಇತ್ತು. ಅವು ಕೇಕಿನ ಪ್ರಕರಣಗಳು, ಆದರೆ ಗ್ಲಾಸಿಗೆ ಉದುರಿಸುವುದೂ ಇಂಥದ್ದೇ ಪುಡಿ. ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದಿದ್ದರೆ ಅದು ತಿನ್ನುವ ವಸ್ತುವಲ್ಲ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು: ಹೊಗೆ

ಈಗ ಆ ಬುಸುಗುಡುವ ಗ್ಲಾಸಿಗೆ ಬರೋಣ. ಈ ಹೊಗೆಯನ್ನು ಎರಡು ವಸ್ತುಗಳಿಂದ ಬರಿಸುತ್ತಾರೆ. ಒಂದು ದ್ರವ ಸಾರಜನಕ, ಅಂದರೆ ಲಿಕ್ವಿಡ್ ನೈಟ್ರೋಜನ್. ಅದರ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಇನ್ನೊಂದು ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಮೈನಸ್ 78 ಡಿಗ್ರಿ. ನಮ್ಮ ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇವೆಷ್ಟು ತಣ್ಣಗೆ ಎಂಬ ಅಂದಾಜು ಸಿಗುತ್ತದೆ.

ಕಾಣುವ ಬಿಳಿ ಹೊಗೆ ವಿಷವಲ್ಲ. ಅದು ಹೊಗೆಯೂ ಅಲ್ಲ, ಗಾಳಿಯ ತೇವಾಂಶ ತಣ್ಣಗಾಗಿ ಆದ ಮಂಜು. ನಾವು ಉಸಿರಾಡುವ ಗಾಳಿಯ ಶೇಕಡಾ 78 ಭಾಗ ಸಾರಜನಕವೇ. ಆದ್ದರಿಂದ "ನೈಟ್ರೋಜನ್ ವಿಷಾನಿಲ" ಎಂಬ ಫಾರ್ವರ್ಡ್ ತಪ್ಪು. ಅಪಾಯ ಇರುವುದು ಬೇರೆ ಎರಡು ಕಡೆ.

ಮೊದಲನೆಯದು ಚಳಿ. ಆ ದ್ರವ ಬಾಯಿ, ಗಂಟಲು, ಅನ್ನನಾಳಕ್ಕೆ ತಾಗಿ ನಿಂತರೆ ಅಲ್ಲಿನ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಬೆಂಕಿಯಿಂದಾದ ಸುಟ್ಟಗಾಯದಂತೆಯೇ ಗಾಯವಾಗುತ್ತದೆ. "ನಾನು ಕೈ ಮೇಲೆ ಸುರಿದುಕೊಂಡೆ, ಏನೂ ಆಗಲಿಲ್ಲ" ಎನ್ನುವವರಿದ್ದಾರೆ. ಕಾದ ಕಾವಲಿಯ ಮೇಲೆ ನೀರಿನ ಹನಿ ಕುಣಿದಾಡುವ ಹಾಗೆ, ಹನಿಯ ಕೆಳಗೆ ಏಳುವ ಆವಿಯ ಪದರ ಕ್ಷಣಕಾಲ ಚರ್ಮವನ್ನು ಕಾಯುತ್ತದೆ. ಹನಿ ಜಾರಿ ಹೋದರೆ ಬಚಾವು. ನುಂಗಿದಾಗ ಜಾರಿ ಹೋಗಲು ಜಾಗವಿಲ್ಲ.

ಎರಡನೆಯದು ಹಿಗ್ಗುವಿಕೆ. ದ್ರವ ಸಾರಜನಕ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಹೊಟ್ಟೆಗೆ ಹೋದರೆ ಹತ್ತು ಲೀಟರ್ ಅನಿಲ. ಊಟ ಮಾಡಿ ತುಂಬಿದ ಜಠರಕ್ಕೆ ಹಿಡಿಸುವುದು ಒಂದು ಒಂದೂವರೆ ಲೀಟರ್. ಉಳಿದದ್ದು ಎಲ್ಲಿಗೆ ಹೋಗಬೇಕು? ಜಠರವೇ ಹರಿಯುತ್ತದೆ. ಡ್ರೈ ಐಸ್ ಕೂಡ ಕಡಿಮೆಯಲ್ಲ, ಹತ್ತು ಗ್ರಾಂ ತುಂಡಿನಿಂದ ಐದು ಲೀಟರಿಗೂ ಹೆಚ್ಚು ಅನಿಲ ಏಳುತ್ತದೆ.

ಇದು ಬರೀ ಲೆಕ್ಕವಲ್ಲ. 2012ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಪಟ್ಟಣದ ಬಾರ್ ಒಂದರಲ್ಲಿ ತನ್ನ 18ನೇ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗಿಗೆ ದ್ರವ ಸಾರಜನಕ ಹಾಕಿದ ಕಾಕ್‌ಟೇಲ್ ಕೊಟ್ಟರು. ಹೊಗೆ ಆರುವ ಮೊದಲೇ ಆಕೆ ಕುಡಿದಳು. ಜೀವ ಉಳಿಸಲು ವೈದ್ಯರು ಅವಳ ಜಠರವನ್ನೇ ತೆಗೆಯಬೇಕಾಯಿತು. 2015ರಲ್ಲಿ ಆ ಬಾರ್‌ಗೆ ನ್ಯಾಯಾಲಯ ಒಂದು ಲಕ್ಷ ಪೌಂಡ್ ದಂಡ ಹಾಕಿತು. ನಮ್ಮ ಬೆಂಗಳೂರಿನಲ್ಲೇ 2024ರಲ್ಲಿ ಮದುವೆ ಆರತಕ್ಷತೆಯಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದೇ ವರ್ಷ ದಾವಣಗೆರೆಯಲ್ಲಿ ಸ್ಮೋಕ್ ಬಿಸ್ಕತ್ತು ತಿಂದು ನೋವಿನಿಂದ ಒದ್ದಾಡಿದ ಬಾಲಕನ ವಿಡಿಯೋ ದೇಶವೆಲ್ಲ ಸುತ್ತಿತು. ಆ ಹುಡುಗ ಸತ್ತೇಹೋದ ಎಂದು ಸೇರಿಸಿ ಹಂಚಿದರು. ಅದು ಸುಳ್ಳು, ಚಿಕಿತ್ಸೆ ಪಡೆದು ಅವನು ಚೇತರಿಸಿಕೊಂಡ. ಗುರುಗ್ರಾಮದ ರೆಸ್ಟೋರೆಂಟ್ ಒಂದರಲ್ಲಿ ಊಟದ ನಂತರ ಬಾಯಿಗೆ ಹಾಕಿಕೊಳ್ಳಲು ಡ್ರೈ ಐಸ್ ಕೊಟ್ಟು, ಐವರು ರಕ್ತ ವಾಂತಿ ಮಾಡಿ ಆಸ್ಪತ್ರೆ ಸೇರಿದ್ದೂ 2024ರ ಮಾರ್ಚ್‌ನಲ್ಲೇ.

ಈ ಘಟನೆಗಳ ವರ್ಷದಲ್ಲೇ ಕರ್ನಾಟಕ ಸರ್ಕಾರ ಆಹಾರ ಬಡಿಸುವಾಗ ದ್ರವ ಸಾರಜನಕ ಬಳಸುವುದನ್ನು ನಿಷೇಧಿಸಿತು. ಹಾಗಾಗಿ ನಿಮ್ಮ ಮನೆಯ ಸಮಾರಂಭಕ್ಕೆ ಕ್ಯಾಟರಿಂಗ್‌ನವರು "ಸ್ಮೋಕ್ ಕೌಂಟರ್ ಹಾಕೋಣವಾ?" ಎಂದರೆ ಬೇಡ ಎನ್ನಲು ಕಾನೂನೂ ನಿಮ್ಮ ಜೊತೆಗಿದೆ.

"ಹೊಗೆ ನಿಂತ ಮೇಲೆ ಕುಡಿದರೆ?" ಎಂದು ಕೇಳಬಹುದು. ಪೂರ್ತಿ ಆವಿಯಾದ ಮೇಲೆ ಉಳಿದ ಪಾನೀಯದಲ್ಲಿ ಸಾರಜನಕದಿಂದ ತೊಂದರೆಯಿಲ್ಲ, ನಿಜ. ಆದರೆ ಮಂದ ಬೆಳಕಿನಲ್ಲಿ, ಗಲಾಟೆಯ ನಡುವೆ, ಏಳು ವರ್ಷದ ಮಗು ಅದು ಪೂರ್ತಿ ಆರಿತೇ ಎಂದು ನೋಡುತ್ತಾ ನಿಲ್ಲುವುದಿಲ್ಲ. ಡ್ರೈ ಐಸ್ ನೀರಿಗಿಂತ ಭಾರ, ಗ್ಲಾಸಿನ ತಳದಲ್ಲಿ ಐಸ್ ತುಂಡುಗಳ ನಡುವೆ ಅಡಗಿ ಕೂರುತ್ತದೆ. ಕೊನೆಯ ಗುಟುಕಿನಲ್ಲಿ ಬಾಯಿಗೆ ಬರುವುದು ಅದೇ.

ಅನಾಹುತವಾದರೆ ಏನು ಮಾಡಬೇಕು?

ಹೊಗೆಯ ಪಾನೀಯವನ್ನೋ ತಿನಿಸನ್ನೋ ನುಂಗಿದ ಮೇಲೆ ಹೊಟ್ಟೆ ಉಬ್ಬರ, ತಡೆಯಲಾಗದ ನೋವು, ಉಸಿರಾಟದ ತೊಂದರೆ, ರಕ್ತ ವಾಂತಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ, ಇಲ್ಲವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಗ್ಯಾಸಿನ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಏನು ತಿಂದದ್ದು, ಯಾವಾಗ ಎಂಬುದನ್ನು ವೈದ್ಯರಿಗೆ ಹೇಳಿ. ಚರ್ಮಕ್ಕೆ ತಾಗಿದ್ದರೆ ಉಜ್ಜಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ವೈದ್ಯರಿಗೆ ತೋರಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಚೆರ್ರಿಯಲ್ಲಿ ಫಾರ್ಮಲಿನ್ ಇಲ್ಲ. ಬಣ್ಣದ ಹೆಸರು, ಪರವಾನಗಿ ಸಂಖ್ಯೆ ಇರುವ ಡಬ್ಬಿಯದ್ದೇ ಕೊಳ್ಳಿ.

ಕುಡಿಯುವ ಮೊದಲು ಕಡ್ಡಿ ತೆಗೆದಿಡಿ.

ನಿಂಬೆಯನ್ನು ಇಡಿಯಾಗಿ ತೊಳೆದು ಆಮೇಲೆ ಹೆಚ್ಚಿ.

ಗೊತ್ತಿಲ್ಲದ ಹೂವು, ಪದಾರ್ಥಗಳ ಪಟ್ಟಿ ಇಲ್ಲದ ಮಿನುಗು ಪುಡಿ ಗ್ಲಾಸಿಗೆ ಬೇಡ.

ಹೊಗೆ ಬಿಡುವ ಪಾನೀಯ, ಬಿಸ್ಕತ್ತು, ಪಾನ್ ಮಕ್ಕಳಿಗೆ ಕೊಡಲೇಬೇಡಿ, ವಿಡಿಯೋಗೂ ಬೇಡ.

ಮುಂದಿನ ಮದುವೆಯಲ್ಲಿ ಮಗು ಚೆರ್ರಿ ಬೇಕೆಂದು ಹಟ ಹಿಡಿದರೆ ಒಂದು ಕೊಟ್ಟುಬಿಡಿ, ಕಡ್ಡಿ ತೆಗೆದು ಕೊಡಿ. ಹೊಗೆಯ ಕೌಂಟರ್ ಕಡೆ ಓಡಿದರೆ ಮಾತ್ರ ಕೈ ಹಿಡಿದು ಈಚೆಗೆ ಕರೆತನ್ನಿ.